ವೈಜ್ಞಾನಿಕ ಕಥೆ ಮತ್ತು ನಾಡಿನ ಯಂತ್ರಾನುಭವ

1975ನೆಯ ಇಸವಿ ಆಗಸ್ಟ್ ತಿಂಗಳ ಮೊದಲನೆಯ ದಿನ, ಆಗ ಗುಲಬರ್ಗಾ ಎಂದು ಕರೆಯಲ್ಪಡುತ್ತಿದ್ದ ಕಲಬುರಗಿ ಜಿಲ್ಲೆಯಲ್ಲಿಯೂ ನೆರೆಯ ರಾಯಚೂರು, ವಿಜಾಪುರ ಜಿಲ್ಲೆಗಳಲ್ಲಿಯೂ ಆಯ್ದ ಹಳ್ಳಿಗಳ ಜನರು ಅದುವರೆಗೆ ಕಂಡರಿಯದ ಒಂದು ಪೆಟ್ಟಿಗೆಯ ಮುಂದೆ ನೆರೆದರು. ಪೆಟ್ಟಿಗೆಯನ್ನು ಶಾಲೆಯಲ್ಲಿಯೋ ಪಂಚಾಯತಿಯ ಕಟ್ಟಡದಲ್ಲಿಯೋ ಇರಿಸಲಾಗಿತ್ತು. ಹೊರಗೆ, ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಸುಮಾರು 10 ಅಡಿ ಅಗಲದ ಬೋಗುಣಿಯಾಕಾರದ ಸಾಧನವೊಂದು ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಚಿತ್ರ ಮತ್ತು ಧ್ವನಿಗಳು, ಪೂರ್ವ ಆಫ್ರಿಕದ ಮೇಲೆ ಸಮಭಾಜಕ ವೃತ್ತದಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದ ಅಮೆರಿಕದ ಉಪಗ್ರಹವೊಂದನ್ನು ಮುಟ್ಟಿ, ಅಲ್ಲಿಂದ ನೇರವಾಗಿ ಹಳ್ಳಿಯ ಆ ತಂತಿಬಲೆಗೆ ಇಳಿದು ಬರುತ್ತಿದ್ದವು. ರಾಜ್ಯದ ರಾಜಧಾನಿಯಾದ ಬೆಂಗಳೂರಿಗೆ ದೂರದರ್ಶನ ಕೇಂದ್ರವು ಬಂದದ್ದು 1981ರ ನವೆಂಬರ್ ತಿಂಗಳಿನಲ್ಲಿ. ಹಿಂದುಳಿದ ಪ್ರದೇಶವೆಂದು ಕರೆಯಿಸಿಕೊಂಡ ಈ ನಾಡಿನ ರೈತನು ರಾಜಧಾನಿಯ ನಾಗರಿಕನಿಗಿಂತ ಆರು ವರ್ಷ ಮುಂಚಿತವಾಗಿಯೇ ತನ್ನೂರಿನಲ್ಲಿ ಕುಳಿತು ದೂರದರ್ಶನವನ್ನು ನೋಡಿದನೆಂಬುದು ಇಂದಿನ ತಲೆಮಾರಿನ ಅನೇಕರಿಗೆ ತಿಳಿಯದ ಸಂಗತಿ.

'ಸೈಟ್' ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಈ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ಕಾಲ ನಡೆಯಿತು. ಅದರ ಮೂಲಕಲ್ಪನೆಯ ಬೆನ್ನು ಹತ್ತಿ ಹೋದರೆ ಒಬ್ಬ ಕಥೆಗಾರರ ಹೆಸರು ಎದುರಾಗುತ್ತದೆ. ಮುಂದೆ ವೈಜ್ಞಾನಿಕ ಕಥೆ ಕಾದಂಬರಿಗಳಿಂದ ಜಗತ್ಪ್ರಸಿದ್ಧರಾದ ಆರ್ಥರ್ ಸಿ. ಕ್ಲಾರ್ಕ್ ಅವರು 1945ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಎಂಬ ತಾಂತ್ರಿಕ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಭೂಮಿಯಿಂದ ಒಂದು ನಿರ್ದಿಷ್ಟ ಎತ್ತರದಲ್ಲಿ ಸಮಭಾಜಕ ವೃತ್ತದ ಮೇಲೆ ಸುತ್ತುವ ಕಾಯವು ಒಂದು ಸುತ್ತನ್ನು ಮುಗಿಸಲು ಭೂಮಿಯು ತನ್ನ ಅಕ್ಷದ ಮೇಲೆ ತಿರುಗಲು ಬೇಕಾಗುವಷ್ಟೇ ಸಮಯವನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ನೆಲದ ಮೇಲಿನವರ ಕಣ್ಣಿಗೆ ಅದು ಕದಲದೆ ನಿಂತಂತೆ ತೋರುತ್ತದೆ. ಅಂತಹ ಮೂರು ನಿಲಯಗಳಿದ್ದರೆ ಭೂಮಂಡಲದ ಬಹುತೇಕ ಎಲ್ಲ ಭಾಗಗಳಿಗೂ ಪ್ರಸಾರ ಮಾಡಬಹುದೆಂಬುದು ಅವರ ವಾದ. ಆ ಕಕ್ಷೆಯನ್ನು ಕುರಿತು ಪೊಟೊಚ್ನಿಕ್ ಎಂಬ ಎಂಜಿನಿಯರು ಮೊದಲೇ ಬರೆದಿದ್ದರು. ಆದರೆ ಜಗತ್ತಿಗೆಲ್ಲ ಸುದ್ದಿ ಮುಟ್ಟಿಸಲು ಅದನ್ನು ಬಳಸಬಹುದೆಂದು ಸ್ಪಷ್ಟವಾಗಿ ವಿವರಿಸಿದ ಕೀರ್ತಿ ಕ್ಲಾರ್ಕ್ ಅವರಿಗೆ ಸಲ್ಲುತ್ತದೆ. 'ಸೈಟ್' ಪ್ರಯೋಗದ ಕಾಲದಲ್ಲಿ ಭಾರತದ ವಿಜ್ಞಾನಿಗಳು ಕೊಲಂಬೋದಲ್ಲಿದ್ದ ಅವರ ಮನೆಗೂ ಒಂದು ಗ್ರಾಹಕವನ್ನು ಕೊಂಡೊಯ್ದು ನಿಲ್ಲಿಸಿದರು. ಶ್ರೀಲಂಕೆಯಲ್ಲಿ ಆಗ ದೂರದರ್ಶನವೇ ಇರಲಿಲ್ಲ. ಕಲಬುರಗಿ ಸೀಮೆಯ ಹಳ್ಳಿಗರೂ ಕೊಲಂಬೋದ ಆ ಕಥೆಗಾರರೂ ಒಂದೇ ಉಪಗ್ರಹದ ಪ್ರೇಕ್ಷಕರಾಗಿದ್ದರೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಇಲ್ಲಿ ಒಂದು ಸಣ್ಣ ವಿವರವನ್ನು ಗಮನಿಸಬೇಕು. ಕ್ಲಾರ್ಕ್ ಅವರು 1945ರಲ್ಲಿ ಕಲ್ಪಿಸಿದ್ದು ಮನುಷ್ಯರು ವಾಸಿಸುವ ಅಂತರಿಕ್ಷ ನಿಲಯಗಳನ್ನು. ಆ ಕಾಲದ ರೇಡಿಯೋ ಉಪಕರಣಗಳಲ್ಲಿ ಗಾಜಿನ ವಾಲ್ವುಗಳಿರುತ್ತಿದ್ದವು. ಸುಟ್ಟುಹೋದ ವಾಲ್ವುಗಳನ್ನು ಬದಲಾಯಿಸಲು ಅಲ್ಲಿ ಯಾರಾದರೂ ಇರಲೇಬೇಕಲ್ಲವೇ? ಟ್ರಾನ್ಸಿಸ್ಟರಿನ ಆವಿಷ್ಕಾರವಾದದ್ದು ಅನಂತರ, 1947ರಲ್ಲಿ. ಹೀಗೆ ನಾಳೆಯನ್ನು ಚಿತ್ರಿಸಲು ಹೊರಟವರ ಕೈಯಲ್ಲಿ ಇರುವ ಬಣ್ಣಗಳೆಲ್ಲ ಇಂದಿನವೇ. ವೈಜ್ಞಾನಿಕ ಕಥೆಯನ್ನು ಭವಿಷ್ಯವಾಣಿಯೆಂದು ಓದುವವರು ನಿರಾಶರಾಗುತ್ತಾರೆ. ಒಂದು ಜನಾಂಗವು ತನ್ನ ಯಂತ್ರಗಳೊಡನೆ ಯಾವ ಸಂಬಂಧವನ್ನಿಟ್ಟುಕೊಂಡಿದೆ, ಅವುಗಳನ್ನು ನಂಬಿದೆಯೇ, ಅಂಜಿದೆಯೇ, ಅವುಗಳಿಗೆ ಒಡೆಯನೇ, ಆಳೇ ಎಂಬ ಪ್ರಶ್ನೆಗಳನ್ನಿಟ್ಟುಕೊಂಡು ಓದುವವರಿಗೆ ಅದೇ ಕಥೆ ಬಹಳಷ್ಟು ಸಂಗತಿಗಳನ್ನು ತಿಳಿಸಿಕೊಡುತ್ತದೆ.

'ರೋಬೋ' ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಜಗತ್ತಿನ ಭಾಷೆಗಳಿಗೆಲ್ಲ ಹರಡಿತು. ಅದರ ಮೂಲವಾದ 'ರೋಬೋಟ' ಎಂಬ ಜೆಕ್ ಪದಕ್ಕೆ ಒಡೆಯನ ಹೊಲದಲ್ಲಿ ಪುಕ್ಕಟೆಯಾಗಿ ಮಾಡಬೇಕಾದ ಕಡ್ಡಾಯದ ದುಡಿಮೆ ಎಂದರ್ಥ. ಕನ್ನಡದಲ್ಲಿ ಇದಕ್ಕೆ ಬಿಟ್ಟಿ, ಬೇಗಾರಿ ಎಂಬ ಮಾತುಗಳಿವೆ. ನಿಜಾಮರ ಆಡಳಿತದಲ್ಲಿದ್ದ ಪ್ರದೇಶದ ಹಿರಿಯರಿಗೆ ಈ ಮಾತುಗಳ ಭಾರವನ್ನು ವಿವರಿಸಬೇಕಾಗಿಲ್ಲ. ಬಿಟ್ಟಿಯಾಳುಗಳು ಒಂದು ದಿನ ತಿರುಗಿ ಬಿದ್ದಾರೆಂಬ ಒಡೆಯರ ಹಳೆಯ ಅಂಜಿಕೆಯೇ ಯೂರೋಪಿನಲ್ಲಿ ಯಂತ್ರಮಾನವನ ರೂಪವನ್ನು ತಾಳಿತು. ಜಪಾನಿನ ಅನುಭವ ಬೇರೆ. 1954ರ ಮಾರ್ಚಿಯಲ್ಲಿ ಬಿಕಿನಿ ದ್ವೀಪದ ಜಲಜನಕ ಬಾಂಬಿನ ವಿಕಿರಣವು ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಸುರಿಯಿತು. ಅದೇ ವರ್ಷದ ನವೆಂಬರಿನಲ್ಲಿ 'ಗಾಡ್ಜಿಲ್ಲಾ' ಎಂಬ ಚಲನಚಿತ್ರವು ತೆರೆಗೆ ಬಂದಿತು. ಆ ನಾಡಿನ ಪಾಲಿಗೆ ಯಂತ್ರಶಕ್ತಿಯೆಂದರೆ ಸಮುದ್ರದಿಂದ ಎದ್ದು ಬಂದು ಪಟ್ಟಣವನ್ನು ತುಳಿಯುವ ಭೂತ. ಎರಡೂ ಕಡೆ ಮೊದಲು ಅನುಭವ, ಆಮೇಲೆ ಕಥೆ.

ಭಾರತದಲ್ಲಿ ಈ ಪ್ರಕಾರವು ನಗುನಗುತ್ತಲೇ ಕಾಲಿಟ್ಟಿತೆನ್ನಬೇಕು. ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರು 1896ರಲ್ಲಿ ಬಂಗಾಳಿಯಲ್ಲಿ ಬರೆದ ಕಥೆಯೊಂದರಲ್ಲಿ ಕಲಕತ್ತೆಯತ್ತ ಬರುತ್ತಿದ್ದ ಚಂಡಮಾರುತವನ್ನು ಒಂದು ಸೀಸೆ ತಲೆಗೂದಲಿನ ಎಣ್ಣೆ ಶಾಂತಗೊಳಿಸುತ್ತದೆ. ಆ ಎಣ್ಣೆಯ ತಯಾರಕರೇ ಏರ್ಪಡಿಸಿದ್ದ ಸ್ಪರ್ಧೆಗಾಗಿ ಬರೆದ ಕಥೆ ಅದು. ಆದರೂ ಸರಕಾರದ ಹವಾಮಾನ ಪಂಡಿತರೆಲ್ಲ ಕೈಚೆಲ್ಲಿ ಕುಳಿತಾಗ ದೇಶೀ ಎಣ್ಣೆಯ ಸೀಸೆಯೊಂದು ಕೆಲಸ ಮಾಡಿತೆಂಬ ವಿನೋದದ ಹಿಂದೆ ಪರಾಧೀನ ದೇಶದ ವಿಜ್ಞಾನಿಯ ಆತ್ಮಾಭಿಮಾನವು ಅಡಗಿದೆ. 1905ರಲ್ಲಿ ಬೇಗಂ ರೊಕೆಯಾ ಅವರು 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕಥೆಯನ್ನು ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿ ಗಂಡಸರು ಮನೆಯೊಳಗಿದ್ದಾರೆ. ರಾಜ್ಯಭಾರ, ವಿಶ್ವವಿದ್ಯಾಲಯ ಎಲ್ಲವೂ ಹೆಂಗಸರ ಕೈಯಲ್ಲಿವೆ. ಅವರು ಸೂರ್ಯನ ಶಾಖವನ್ನು ಸಂಗ್ರಹಿಸಿ ಬಳಸುತ್ತಾರೆ, ಬಲೂನನ್ನು ಮೇಲೆ ಬಿಟ್ಟು ಆಕಾಶದಿಂದಲೇ ನೀರನ್ನು ಸೆಳೆದುಕೊಳ್ಳುತ್ತಾರೆ. ಮಳೆಯನ್ನೇ ನೆಚ್ಚಿದ ತೊಗರಿಯ ಸೀಮೆಯಲ್ಲಿ ಕುಳಿತು ಈ ಕಥೆಯನ್ನು ಓದುವವರ ಮನಸ್ಸು ಆ ಬಲೂನಿನ ಬಳಿ ಒಂದು ಕ್ಷಣ ನಿಲ್ಲುವುದು ಸಹಜ. ಕರ್ನಾಟಕ ಸರಕಾರವು 2017ರಲ್ಲಿ 'ವರ್ಷಧಾರೆ' ಎಂಬ ಹೆಸರಿನಲ್ಲಿ ಮೋಡ ಬಿತ್ತನೆಯನ್ನು ಕೈಗೊಂಡಾಗ ಯಾದಗಿರಿ ಜಿಲ್ಲೆಯ ಸುರಪುರದಲ್ಲಿಯೂ ಒಂದು ರಡಾರ್ ಯಂತ್ರವನ್ನು ನಿಲ್ಲಿಸಲಾಗಿತ್ತು. ಯಾರ ಹೊಲದ ಮೋಡ ಯಾರ ಹೊಲದಲ್ಲಿ ಸುರಿಯಬೇಕು? ಈ ಪ್ರಶ್ನೆಯ ಸುತ್ತ ಒಂದು ಸೊಗಸಾದ ಕನ್ನಡ ಕಥೆಯನ್ನು ಹೆಣೆಯಬಹುದಾಗಿತ್ತು.

ಕನ್ನಡ ನಾಡಿನ ಯಂತ್ರಕಲ್ಪನೆಯ ವಿಷಯವನ್ನೆತ್ತಿದಾಗ 'ವೈಮಾನಿಕ ಶಾಸ್ತ್ರ'ದ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲಾಗದು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಹೇಳಿ ಬರೆಯಿಸಿದ ಈ ಸಂಸ್ಕೃತ ಗ್ರಂಥವನ್ನು ಭರದ್ವಾಜ ಮಹರ್ಷಿಗಳದೆಂದು ಪ್ರಚುರಪಡಿಸಲಾಯಿತು. ಅದರ ವಿಮಾನಚಿತ್ರಗಳನ್ನು ಬೆಂಗಳೂರಿನ ನಕ್ಷೆಗಾರರೊಬ್ಬರು ಶಾಸ್ತ್ರಿಗಳ ಮಾತನ್ನು ಅನುಸರಿಸಿ ಬರೆದುಕೊಟ್ಟರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಗ್ರಂಥವು ಪ್ರಾಚೀನವಲ್ಲವೆಂದೂ ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ವಿದ್ವಾಂಸರ ಪಾಲಿಗೆ ವಿವಾದವು ಅಲ್ಲಿಗೆ ಮುಗಿಯಿತು. ಸಾಹಿತ್ಯದ ವಿದ್ಯಾರ್ಥಿಗೆ ಮಾತ್ರ ಒಂದು ಸಂಗತಿಯು ಉಳಿದುಕೊಳ್ಳುತ್ತದೆ. ಹೊಸ ವಿಮಾನಗಳು ಪರದೇಶದ ಆಕಾಶದಲ್ಲಿ ಹಾರಾಡುತ್ತಿದ್ದ ಕಾಲದಲ್ಲಿಯೇ ಇಲ್ಲೊಬ್ಬರು ಕನ್ನಡಿ, ಯಂತ್ರ, ಲೋಹ, ಇಂಧನಗಳ ಸಮೇತ ಸಮಗ್ರವಾದ ಒಂದು ವಿಮಾನಲೋಕವನ್ನು ಕಟ್ಟಿದರು. ಅದನ್ನು ಕಥೆಯೆಂದು ಕರೆದಿದ್ದರೆ ಭಾರತದ ಆದ್ಯ ವೈಜ್ಞಾನಿಕ ಕಲ್ಪನೆಗಳಲ್ಲಿ ಅದಕ್ಕೆ ಗೌರವದ ಸ್ಥಾನ ದೊರೆಯುತ್ತಿತ್ತು. ಶಾಸ್ತ್ರವೆಂದು ಕರೆದದ್ದರಿಂದ ಅದು ಪರೀಕ್ಷೆಗೆ ಒಳಗಾಗಿ ಸೋತಿತು. ಆಧುನಿಕ ಯಂತ್ರದ ಎದುರು ನಿಂತ ಸಮಾಜವು 'ನಾಳೆ ಮಾಡುವೆವು' ಎನ್ನುವ ಬದಲು 'ಹಿಂದೆ ಮಾಡಿದ್ದೆವು' ಎಂದು ಉತ್ತರ ಕೊಟ್ಟಿತು. ಈ ಉತ್ತರದಲ್ಲಿರುವ ನೋವನ್ನು ಅರಿಯದೆ ಕೇವಲ ನಕ್ಕುಬಿಡುವುದು ಸರಿಯಲ್ಲ. ಆದರೆ ಆ ಉತ್ತರವನ್ನು ತರಗತಿಯಲ್ಲಿ ವಿಜ್ಞಾನವೆಂದು ಬೋಧಿಸುವುದಂತೂ ಸರ್ವಥಾ ಸಲ್ಲದು.

ಕನ್ನಡದಲ್ಲಿ ವಿಜ್ಞಾನವನ್ನು ತಿಳಿಯಹೇಳುವ ಬರವಣಿಗೆಗೆ ಕೊರತೆಯಾಗಲಿಲ್ಲ. ಶಿವರಾಮ ಕಾರಂತ, ಬಿ.ಜಿ.ಎಲ್. ಸ್ವಾಮಿ, ಜಿ.ಟಿ. ನಾರಾಯಣರಾವ್ ಮುಂತಾದವರ ಪರಿಶ್ರಮ ಅಸಾಮಾನ್ಯವಾದುದು. ಕಥೆಯ ದಾರಿಯಲ್ಲಿ ನಡೆದವರು ಕಡಿಮೆ. ಅವರಲ್ಲಿ ರಾಜಶೇಖರ ಭೂಸನೂರಮಠ ಅವರ ಹೆಸರು ಮೊದಲು ನೆನಪಿಗೆ ಬರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಭಾರತೀಯ ಭಾಷೆಗಳ ವೈಜ್ಞಾನಿಕ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿದಾಗ ಕನ್ನಡದ ಪರವಾಗಿ ಅವರ ಕಥೆಯೂ ಸಂಜಯ ಹಾವನೂರ ಅವರ ಕಥೆಯೂ ಅದರಲ್ಲಿ ಸೇರಿದವು. ನೆರೆಯ ಮರಾಠಿಯಲ್ಲಿ ಖಭೌತ ವಿಜ್ಞಾನಿ ಜಯಂತ ನಾರಳೀಕರ ಅವರು 1974ರಲ್ಲಿ ಗುಪ್ತನಾಮದಿಂದ ಕಥೆಯೊಂದನ್ನು ಕಳುಹಿಸಿ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಮೇಲೆ ಈ ಪ್ರಕಾರಕ್ಕೆ ವಿಶೇಷ ಮರ್ಯಾದೆ ಬಂದಿತು. ಮುಂಬಯಿಯಲ್ಲಿ ಹಿಮ ಬೀಳುವುದನ್ನು ಕಲ್ಪಿಸಿದ ಅವರ ಕಥೆಯ ಬಲವಿರುವುದು ಅದರ ವಿಜ್ಞಾನದಲ್ಲಿ ಮಾತ್ರವಲ್ಲ, ಮುಂಬಯಿ ಎಂಬ ಪರಿಚಿತ ಊರಿನಲ್ಲಿ. ಸ್ಥಳದ ಹೆಸರು ಗೊತ್ತಿದ್ದಾಗಲೇ ವಿಚಿತ್ರವು ಮೈ ಜುಮ್ಮೆನ್ನಿಸುತ್ತದೆ.

ಕನ್ನಡ ಮನಸ್ಸಿಗೂ ವಿಜ್ಞಾನಕ್ಕೂ ಇರುವ ಸಂಬಂಧವನ್ನು ಅತ್ಯಂತ ಆಳವಾಗಿ ಕಂಡ ಕೃತಿ ಯಾವುದೆಂದು ಕೇಳಿದರೆ, ವೈಜ್ಞಾನಿಕ ಕಥೆಯ ಲಕ್ಷಣಕ್ಕೆ ಪೂರ್ಣವಾಗಿ ಹೊಂದದಿದ್ದರೂ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನೇ ಹೆಸರಿಸಬೇಕಾಗುತ್ತದೆ. 1980ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ರಾಕೆಟ್ಟಿಲ್ಲ, ಯಂತ್ರಮಾನವನಿಲ್ಲ. ಮೂಡಿಗೆರೆಯ ಕಾಡಿನಲ್ಲಿ ಕೋಟ್ಯಂತರ ವರ್ಷಗಳ ಪ್ರಾಚೀನತೆಯನ್ನು ಹೊತ್ತ ಹಾರುವ ಓತಿಯೊಂದನ್ನು ಹುಡುಕುವ ವಿಜ್ಞಾನಿ ಇದ್ದಾನೆ. ಆದರೆ ಓತಿಯನ್ನು ಕಂಡವನು ಆ ವಿಜ್ಞಾನಿಯಲ್ಲ. ಊರವರ ದೃಷ್ಟಿಯಲ್ಲಿ ಕೆಲಸಕ್ಕೆ ಬಾರದವನಾದ, ಜೇನು ಹುಡುಕುತ್ತ ಅಲೆಯುವ ಮಂದಣ್ಣ. ವಿಜ್ಞಾನಿಯು ಮಂದಣ್ಣನನ್ನು ಗೌರವಿಸುತ್ತಾನೆ, ಏಕೆಂದರೆ ಅವನಿಲ್ಲದೆ ಶೋಧನೆಯೇ ಇಲ್ಲ. ಪಾಶ್ಚಾತ್ಯ ಕಥೆಗಳಲ್ಲಿ ವಿಜ್ಞಾನಿಯು ಪ್ರಯೋಗಶಾಲೆಯ ಬಾಗಿಲನ್ನು ಮುಚ್ಚಿಕೊಂಡು ಒಬ್ಬನೇ ಕುಳಿತಿರುವುದುಂಟು. ಇಲ್ಲಿ ಅವನು ಹಳ್ಳಿಗರೊಡನೆ ಕಾಡು ತಿರುಗುತ್ತಾನೆ, ಅವರೊಡನೆ ಉಣ್ಣುತ್ತಾನೆ. ಕೊನೆಯಲ್ಲಿ ಓತಿಯು ಸಿಕ್ಕಿಯೂ ಸಿಕ್ಕದೆ ಕಣಿವೆಯೊಳಕ್ಕೆ ತೇಲಿ ಹೋಗುತ್ತದೆ. ಅದು ಸೋಲೆಂದು ಯಾರಿಗೂ ಅನ್ನಿಸುವುದಿಲ್ಲ. ಹೊರಗಿನಿಂದ ಬಂದ ವಿದ್ಯೆಯೂ ನೆಲದ ತಿಳಿವಳಿಕೆಯೂ ಸಮಾನವಾಗಿ ಕುಳಿತು ಮಾತನಾಡಬಲ್ಲವೆಂಬ ನಂಬಿಕೆ ಅದರಲ್ಲಿದೆ.

ಈ ನಂಬಿಕೆಯನ್ನು ಒರೆಗಲ್ಲಾಗಿ ಹಿಡಿದು ಕಲಬುರಗಿಯ ಕಡೆಗೆ ಮರಳಬಹುದು. ಮುಂಬಯಿ ಮತ್ತು ಮದರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಮಾರ್ಗದಲ್ಲಿಯೇ ಕಲಬುರಗಿ ಇದೆ. ನಿಜಾಮ ಮಹಬೂಬ ಅಲಿ ಖಾನರ ಹೆಸರಿನ ಗಿರಣಿಯು ಇಲ್ಲಿ ನೂಲು ತೆಗೆಯಿತು. ಇಂದು ಅದರ ಯಂತ್ರಗಳ ಸದ್ದು ನಿಂತಿದೆ, 'ಎಂ.ಎಸ್.ಕೆ. ಮಿಲ್' ಎಂಬ ಹೆಸರು ಮಾತ್ರ ಬಡಾವಣೆಗೆ ಅಂಟಿಕೊಂಡು ಉಳಿದಿದೆ. 1966ರಲ್ಲಿ ಆಕಾಶವಾಣಿ, 1975ರಲ್ಲಿ ಉಪಗ್ರಹ, 1977ರಲ್ಲಿ ದೂರದರ್ಶನದ ಪ್ರೇಷಕ, 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ, ಹೀಗೆ ಒಂದರ ಹಿಂದೊಂದು ಬಂದವು. ಗಿರಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿ ಬೆಳೆದ ಗೀತಾ ನಾಗಭೂಷಣ ಅವರು ಈ ನೆಲದ ದುಡಿಯುವವರ ಬದುಕನ್ನು ಕಾದಂಬರಿಗಳಲ್ಲಿ ತಂದರು. ಅವರ 'ಬದುಕು' ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ವಾಸ್ತವ ಕಥನವು ಇಲ್ಲಿ ಸಮೃದ್ಧವಾಗಿದೆ. ಆದರೆ ಯಂತ್ರವನ್ನೇ ಎದುರು ನಿಲ್ಲಿಸಿಕೊಂಡು 'ನೀನು ಎಲ್ಲಿಂದ ಬಂದೆ, ನಾಳೆ ನಮ್ಮನ್ನು ಏನು ಮಾಡುವೆ' ಎಂದು ಕೇಳಿದ ವೈಜ್ಞಾನಿಕ ಕಥೆಯೊಂದು ಈ ಸೀಮೆಯದೆಂದು ಕನ್ನಡ ವಾಚಕರ ನೆನಪಿನಲ್ಲಿ ನೆಲೆಯೂರಿಲ್ಲ. ಉಪಗ್ರಹವು ನೇರವಾಗಿ ಮನೆಯಂಗಳಕ್ಕೆ ಇಳಿದ ನಾಡಿನಲ್ಲಿ ಉಪಗ್ರಹದ ಕಥೆ ಹುಟ್ಟಲಿಲ್ಲ.

ಇದಕ್ಕೆ ಕಾರಣವೇನು? ಕಲ್ಪನಾಶಕ್ತಿಯ ಅಭಾವವೆಂದು ಹೇಳುವವರು ಈ ಪ್ರದೇಶದ ಬಯಲಾಟಗಳನ್ನು ನೋಡಿದವರಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕು. ಶರಣರಲ್ಲಿ ನೇಯುವವರು, ಹಗ್ಗ ಹೊಸೆಯುವವರು, ಬಿದಿರು ಸೀಳುವವರು, ದೋಣಿ ನಡೆಸುವವರು ಇದ್ದರು. ದಾಸಿಮಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯನವರ ಹೆಸರುಗಳ ಜೊತೆಗೇ ಅವರ ಕಾಯಕವೂ ನೆನಪಾಗುತ್ತದೆ. ತಾವು ಹಿಡಿದ ಸಲಕರಣೆಯ ಭಾಷೆಯಲ್ಲಿಯೇ ಅವರು ಪರತತ್ತ್ವವನ್ನು ನುಡಿದರು. ಅದು ಸಾಧ್ಯವಾದದ್ದು ಸಲಕರಣೆಯು ಮಾತನಾಡುವವರ ಕೈಯಲ್ಲಿಯೇ ಇದ್ದುದರಿಂದ. ಅದು ಮುರಿದರೆ ಸರಿಪಡಿಸಬಲ್ಲವರೂ ಅವರೇ. ರೈಲು, ಗಿರಣಿ, ಉಪಗ್ರಹಗಳ ವಿಷಯದಲ್ಲಿ ಹಾಗಲ್ಲ. ಅವುಗಳನ್ನು ಮಾಡಿದವರು ಒಂದೆಡೆ, ನಡೆಸಿದವರು ಇನ್ನೊಂದೆಡೆ. ಊರವರು ನೋಡುವವರು, ಕೂಲಿ ಮಾಡುವವರು. ಕೈಗೆ ಸಿಗದ ವಸ್ತುವು ಮಾತಿಗೂ ಬೇಗನೆ ಸಿಗುವುದಿಲ್ಲ.

'ಸೈಟ್' ಪ್ರಯೋಗವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಅದರ ಸಾಧನೆಯು ಸಾಮಾನ್ಯವಾದುದಲ್ಲ. ಬೆಳಿಗ್ಗೆ ಮಕ್ಕಳಿಗಾಗಿ, ಸಂಜೆ ಹಿರಿಯರಿಗಾಗಿ ಕೃಷಿ, ಆರೋಗ್ಯ, ಶಿಕ್ಷಣಗಳನ್ನು ಕುರಿತ ಕಾರ್ಯಕ್ರಮಗಳು ಬಂದವು. ಆರೂ ರಾಜ್ಯಗಳಲ್ಲಿ ಒಟ್ಟು 40,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಇದೇ ಉಪಗ್ರಹದ ಮೂಲಕ ವಿಜ್ಞಾನ ಬೋಧನೆಯ ತರಬೇತಿಯನ್ನು ಪಡೆದರು. ಗ್ರಾಹಕ ಯಂತ್ರಗಳನ್ನು ಭಾರತದಲ್ಲಿಯೇ ತಯಾರಿಸಲಾಗಿತ್ತು. ವಿಕ್ರಮ್ ಸಾರಾಭಾಯಿ ಅವರು ಕಂಡ ಕನಸಿಗೆ ಅವರ ಮರಣಾನಂತರ ಯಶಪಾಲ್ ಮೊದಲಾದ ವಿಜ್ಞಾನಿಗಳು ರೂಪ ಕೊಟ್ಟರು. ಇಷ್ಟಾಗಿಯೂ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದ ಕೇಂದ್ರವು ಹೈದರಾಬಾದಿನಲ್ಲಿತ್ತು. ಪುಸ್ತಕದ ಕನ್ನಡವೇ ಬೇರೆ, ಉರ್ದು, ಮರಾಠಿ, ತೆಲುಗುಗಳ ಶಬ್ದಗಳನ್ನು ಮೈಗೂಡಿಸಿಕೊಂಡ ಕಲಬುರಗಿಯ ಮನೆಮಾತಿನ ಕನ್ನಡವೇ ಬೇರೆ. ಉಪಗ್ರಹದಿಂದ ಹಳ್ಳಿಗೆ ದಾರಿಯಿತ್ತು. ಹಳ್ಳಿಯಿಂದ ಉಪಗ್ರಹಕ್ಕೆ ದಾರಿಯಿರಲಿಲ್ಲ. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಪಿಜ್ ಎಂಬ ಊರಿನ ಸಣ್ಣ ಪ್ರೇಷಕದಿಂದ ನಡೆದ ಯೋಜನೆಯಲ್ಲಿ ಸ್ಥಳೀಯ ಸಮಸ್ಯೆಗಳನ್ನೇ ವಸ್ತುವಾಗಿಟ್ಟುಕೊಂಡು, ಹಳ್ಳಿಯ ಜನರನ್ನೇ ಸೇರಿಸಿಕೊಂಡು ಕಾರ್ಯಕ್ರಮಗಳನ್ನು ಮಾಡಲಾಯಿತು; ಅದಕ್ಕೆ 1984ರಲ್ಲಿ ಅಂತರರಾಷ್ಟ್ರೀಯ ಪುರಸ್ಕಾರವೂ ದೊರೆಯಿತು. ಎರಡು ಕಡೆಯೂ ತಂತ್ರವಿದ್ಯೆ ಹೆಚ್ಚು ಕಡಿಮೆ ಒಂದೇ. ಆದರೆ ಖೇಡಾದ ಹಳ್ಳಿಗನು ತೆರೆಯ ಮೇಲೆ ತನ್ನನ್ನು ಕಂಡನು. ತೆರೆಯೊಳಗಿನ ಬಿಂಬವೇ ಎದ್ದು ತನ್ನ ಒಡತಿಯನ್ನು ಪ್ರಶ್ನಿಸುವ ಸನ್ನಿವೇಶವನ್ನು ಗಿರೀಶ ಕಾರ್ನಾಡರು 'ಒಡಕಲು ಬಿಂಬ' ನಾಟಕದಲ್ಲಿ ತಂದದ್ದು 2005ರ ಸುಮಾರಿಗೆ. ಅಷ್ಟು ಹೊತ್ತಿಗೆ ದೂರದರ್ಶನವು ಕನ್ನಡ ನಾಡಿನ ಮನೆಮನೆಯ ಪಡಸಾಲೆಯನ್ನು ಸೇರಿ ಹಳೆಯದಾಗಿತ್ತು.

ಕಲಬುರಗಿಯಿಂದ ಹುಮನಾಬಾದಿನ ರಸ್ತೆಯನ್ನು ಹಿಡಿದು 40 ಕಿಲೋಮೀಟರಿನೊಳಗೆ ಕಮಲಾಪುರ ಸಿಗುತ್ತದೆ. ಹಂಪಿಯ ಮಗ್ಗುಲಲ್ಲಿರುವ ಕಮಲಾಪುರವಲ್ಲ ಇದು; ಇತ್ತೀಚೆಗೆ ತಾಲೂಕು ಕೇಂದ್ರವಾದ, ಕೆಂಪು ಬಾಳೆಗೆ ಹೆಸರಾದ ಊರು. ಜಿಲ್ಲಾಸ್ಥಳವು 1871ರಷ್ಟು ಹಿಂದೆಯೇ ರೈಲನ್ನು ಕಂಡಿತು. ಬೀದರ ಕಲಬುರಗಿ ಮಾರ್ಗವು ಪೂರ್ಣಗೊಂಡು ಕಮಲಾಪುರದ ಮೂಲಕ ರೈಲು ಓಡಿದ್ದು 2017ರ ಅಕ್ಟೋಬರಿನಲ್ಲಿ. ಇಷ್ಟು ಸಮೀಪದ ಎರಡು ಊರುಗಳ ನಡುವೆ ಸುಮಾರು 146 ವರ್ಷಗಳ ಅಂತರ! ಒಂದೇ ಜಿಲ್ಲೆಯಲ್ಲಿ ಕಾಲವು ಎರಡು ವೇಗದಲ್ಲಿ ಹರಿಯಿತೆಂದಾಯಿತು. ಕಾಲಯಂತ್ರವನ್ನು ಕಲ್ಪಿಸಿದ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಅದಕ್ಕೆ ಸನ್ನೆಗಳನ್ನೂ ಸ್ಫಟಿಕದ ಕಂಬಿಗಳನ್ನೂ ಬೇಡಿದನು; ಇಲ್ಲಿ ಅದಕ್ಕೆ ಸರಕಾರಿ ಬಸ್ಸೇ ಸಾಕಾಗಿತ್ತು.

ಕಮಲಾಪುರದ ಬಾಳೆಯ ವಿಷಯವು ಇದಕ್ಕಿಂತಲೂ ಸ್ವಾರಸ್ಯಕರವಾದುದು. ತೋಟದ ಬಾಳೆಯು ಬೀಜದಿಂದ ಹುಟ್ಟುವುದಿಲ್ಲ. ತಾಯಿಗಿಡದ ಬುಡದ ಕಂದನ್ನು ಕಿತ್ತು ನೆಡಬೇಕು. ಎಂದರೆ ಇಂದಿನ ಗಿಡವು ಅಜ್ಜನ ಕಾಲದ ಗಿಡದ ತದ್ರೂಪು. ಕೆಂಪು ಬಾಳೆಯು ಫಲ ಕೊಡಲು ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಬೆಳೆಗಾರನಿಗೆ ತಾಳ್ಮೆಯೂ ನೀರೂ ಎರಡೂ ಬೇಕು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಬೇರೆಡೆ ಬೆಳೆದ ಹಣ್ಣನ್ನು ಆ ಹೆಸರಿನಿಂದ ಮಾರುವಂತಿಲ್ಲ. ಇತ್ತ ಅಂಗಾಂಶ ಕೃಷಿಯ ವಿಧಾನದಿಂದ ಪ್ರಯೋಗಶಾಲೆಯ ಸೀಸೆಯಲ್ಲಿ ಒಂದೇ ಗಿಡದ ಸಾವಿರಾರು ಪ್ರತಿಗಳನ್ನು ಬೆಳೆಸಬಹುದು. ಈಗ ಒಬ್ಬ ಕಥೆಗಾರನು ಹೀಗೆ ಕಲ್ಪಿಸಿಕೊಳ್ಳಲಿ: ಕಮಲಾಪುರದ ಒಂದು ಕಂದು ದೂರದ ಊರಿನ ಗಾಜಿನ ಮನೆಯೊಂದನ್ನು ಸೇರಿದೆ. ಅಲ್ಲಿ ಮಣ್ಣು, ಬಿಸಿಲು, ನೀರು ಎಲ್ಲವನ್ನೂ ಯಂತ್ರವು ಅಳೆದು ಕೊಡುತ್ತದೆ. ಹಣ್ಣಿನ ಬಣ್ಣ, ಪರಿಮಳ, ರುಚಿಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇತ್ತ ಕಮಲಾಪುರದಲ್ಲಿಯೇ ಬಾವಿ ಬತ್ತಿ, ರೋಗ ತಗಲಿ, ಕೊನೆಯ ತೋಟವು ಒಣಗಿದೆ. ತದ್ರೂಪಿ ಗಿಡಗಳಿಗೆ ಒಂದೇ ರೋಗವು ಎಲ್ಲವನ್ನೂ ಒಮ್ಮೆಲೇ ಕೊಲ್ಲಬಲ್ಲುದೆಂಬುದು ಕೇವಲ ಕಲ್ಪನೆಯೇನೂ ಅಲ್ಲ. 'ಪನಾಮಾ' ರೋಗವು ಕಳೆದ ಶತಮಾನದಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಒಂದು ಇಡೀ ತಳಿಯನ್ನೇ ಹೊರದೂಡಿತು. ಈಗ ಆ ಗಾಜಿನ ಮನೆಯ ಹಣ್ಣು ಯಾವ ಊರಿನದು? ಹೆಸರು ಮಣ್ಣಿಗೆ ಸೇರಿದ್ದೇ, ಗಿಡಕ್ಕೆ ಸೇರಿದ್ದೇ, ಅಥವಾ ತಲೆತಲಾಂತರದಿಂದ ಕಂದನ್ನು ಆರಿಸಿ ನೆಟ್ಟ ಕೈಗಳಿಗೆ ಸೇರಿದ್ದೇ? ಕಾನೂನು ಇದಕ್ಕೆ ಒಂದು ಉತ್ತರವನ್ನು ಕೊಡುತ್ತದೆ. ತೋಟವನ್ನು ಕಳೆದುಕೊಂಡ ಮುದುಕಿಯೊಬ್ಬಳು ಪೇಟೆಯಲ್ಲಿ ಆ ಹಣ್ಣನ್ನು ಕೈಗೆ ತೆಗೆದುಕೊಂಡು ನೋಡಿದಾಗ ಕೊಡುವ ಉತ್ತರವು ಬೇರೆಯಾಗಬಹುದು. ಕಥೆಯು ಇರುವುದು ಆ ಎರಡು ಉತ್ತರಗಳ ನಡುವೆ.

ಇಂತಹ ಕಥೆಗಳನ್ನು ಬರೆಯಲು ಪದವಿಗಳು ಬೇಕಿಲ್ಲ, ಸರಿಯಾದ ಪ್ರಶ್ನೆಗಳು ಬೇಕು. ಭಾಷೆಯ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಕೂಡಿ ಒಂದು ಅವಧಿಯನ್ನು ಇದಕ್ಕಾಗಿ ಮೀಸಲಿಟ್ಟರೆ ಕೆಲಸ ಪ್ರಾರಂಭವಾಗುತ್ತದೆ. ಕಥೆ ಬರೆಯಿರಿ ಎಂದೊಡನೆ ವಿದ್ಯಾರ್ಥಿಗಳು ಮಂಗಳಗ್ರಹಕ್ಕೆ ಹಾರಿಬಿಡುತ್ತಾರೆ, ನಾಯಕನಿಗೆ ಪರದೇಶದ ಹೆಸರನ್ನಿಡುತ್ತಾರೆ. ಅದು ಓದಿದ್ದರ ಮತ್ತು ನೋಡಿದ್ದರ ಫಲ. ಅದನ್ನು ಹಳಿಯದೆ, ಮನೆಯಲ್ಲಿರುವ ಒಂದು ಯಂತ್ರವನ್ನು ಕುರಿತು ಮೊದಲು ವಿಚಾರಿಸಿಕೊಂಡು ಬರುವಂತೆ ಹೇಳಬಹುದು. ಅದು ಮನೆಗೆ ಬರುವ ಮುಂಚೆ ಆ ಕೆಲಸವನ್ನು ಯಾರು ಮಾಡುತ್ತಿದ್ದರು? ಈಗ ಅವರೇನು ಮಾಡುತ್ತಿದ್ದಾರೆ? ಯಂತ್ರ ಕೆಟ್ಟರೆ ಊರಿನಲ್ಲಿ ಸರಿಮಾಡುವವರಿದ್ದಾರೆಯೇ? ಜೇಬಿನ ದೂರವಾಣಿಯು ಇಂದು ಕನ್ನಡದಲ್ಲಿ ಮಾತನಾಡುತ್ತದೆ. ಅಜ್ಜಿಯ ಕನ್ನಡವು ಅದಕ್ಕೆ ತಿಳಿಯುತ್ತದೆಯೇ, ತಿಳಿಯದಿದ್ದರೆ ಬದಲಾಗಬೇಕಾದವರು ಅಜ್ಜಿಯೋ ಯಂತ್ರವೋ? ಉತ್ತರಗಳನ್ನು ಹಿಡಿದು ಐವತ್ತು ವರ್ಷ ಮುಂದಕ್ಕೆ ಹೋಗುವುದು ಎರಡನೆಯ ಹೆಜ್ಜೆ. ಇಲ್ಲಿ ವಿಜ್ಞಾನದ ಅಧ್ಯಾಪಕರ ಪಾತ್ರವು ಮುಖ್ಯ. ಕಲ್ಪನೆಗೆ ಎಷ್ಟು ಸ್ವಾತಂತ್ರ್ಯವಿದ್ದರೂ ಅದು ಪ್ರಕೃತಿಯ ಯಾವ ನಿಯಮವನ್ನು ಮೀರಿದೆಯೆಂಬುದು ಬರೆಯುವವರಿಗೆ ಗೊತ್ತಿರಬೇಕು. ಪುರಾಣದ ಅದ್ಭುತಕ್ಕೂ ವೈಜ್ಞಾನಿಕ ಕಥೆಯ ಅದ್ಭುತಕ್ಕೂ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಮಾರ್ಗವಿಲ್ಲ.

ಹಿರಿಯ ವಿದ್ಯಾರ್ಥಿಗಳಿಗೆ ಕೊಡಬಹುದಾದ ವಸ್ತು ಮತ್ತೊಂದಿದೆ. 1976ರ ಜುಲೈ 31ರಂದು 'ಸೈಟ್' ಪ್ರಯೋಗದ ಅವಧಿಯು ಮುಗಿಯಿತು. ಉಪಗ್ರಹವು ಅಮೆರಿಕದ್ದು, ಎರವಲಾಗಿ ಬಂದದ್ದು ಮರಳಿ ಹೋಗಲೇಬೇಕಾಗಿತ್ತು. ಪೆಟ್ಟಿಗೆಗಳು ಶಾಲೆಗಳಲ್ಲಿಯೇ ಉಳಿದವು, ತಂತಿಬಲೆಯ ಬೋಗುಣಿಗಳು ಆಕಾಶವನ್ನು ನೋಡುತ್ತಲೇ ನಿಂತವು. ಮರುವರ್ಷ ಗುಲಬರ್ಗಾದಲ್ಲಿ ಸ್ಥಾಪಿತವಾದ ಪ್ರೇಷಕದ ವ್ಯಾಪ್ತಿಗೆ ಎಲ್ಲ ಹಳ್ಳಿಗಳೂ ಸೇರಲಿಲ್ಲ. ಒಂದು ವರ್ಷ ಪ್ರತಿದಿನ ಬೆಳಿಗ್ಗೆ ಆ ತೆರೆಯ ಮುಂದೆ ಕುಳಿತು ಪಾಠ ಕೇಳಿದ ಒಂಬತ್ತು ವರ್ಷದ ಹುಡುಗಿಯು, ಆಗಸ್ಟ್ ತಿಂಗಳ ಎರಡನೆಯ ದಿನ ಶಾಲೆಗೆ ಬರುತ್ತಾಳೆ. ಪೆಟ್ಟಿಗೆಯಿದೆ, ಮಾಸ್ತರರಿದ್ದಾರೆ, ಗುಂಡಿಯನ್ನು ತಿರುವಿದರೆ ತೆರೆಯ ಮೇಲೆ ಬಿಳಿಯ ಚುಕ್ಕೆಗಳು ಮಾತ್ರ ಕುಣಿಯುತ್ತವೆ. ಅವಳು ಹೊರಗೆ ಬಂದು, ಬೋಗುಣಿಯು ನೋಡುತ್ತಿರುವ ದಿಕ್ಕಿಗೆ ತಾನೂ ತಲೆಯೆತ್ತಿ ನೋಡುತ್ತಾಳೆ.